ಮಂದಿ ನೋಡುವ ಸಿನಿಮಾ

ಅಮೆರಿಕದ ನಮ್ಮ ಮನ್ರೋ ಊರಿನ ಕನ್ನಡ ಸಂಘದಲ್ಲಿ ಧಾರವಾಡದ ಅಂಕಲ್ ಒಬ್ಬರಿದ್ದರು. ವಾದಕ್ಕೆ ನಿಲ್ಲುವ ಮುನ್ನ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಕರ್ನಾಟಕ ಸರ್ಕಾರ ಸಣ್ಣ ಸಿನಿಮಾಗಳಿಗೆ ಕೊಡುವ ಸಬ್ಸಿಡಿಯ ಮಾತು ಬಂದರೆ ಅವರದು ಒಂದೇ ತಕರಾರು: "ಅದು ಮಂದಿ ರೊಕ್ಕರೀ. ಮಂದಿ ನೋಡೋ ಪಿಚ್ಚರ್‌ಗೇ ಹೋಗಬೇಕು."

ಒಂದು ಭಾನುವಾರ, ಅವರು ಬೇಡವೆಂದರೂ, ಸಬ್ಸಿಡಿ ಪಡೆದ ಅಂಥದೊಂದು ಸಣ್ಣ ಸಿನಿಮಾವನ್ನು ಸಂಘದ ಹಾಲ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ನಿಂದ ತೋರಿಸಿದೆ. ಹಾಡಿಲ್ಲ, ಹೊಡೆದಾಟವಿಲ್ಲ. ಪಕ್ಕದ ಕೋಣೆಗೆ ಬಿಸಿಬೇಳೆಬಾತ್ ಬಂದದ್ದೇ ತಡ, ಒಬ್ಬೊಬ್ಬರಾಗಿ ಎಲ್ಲರೂ ಎದ್ದು ಹೋದರು. ಅಂಕಲ್ ಮಾತ್ರ ಕದಲಲಿಲ್ಲ. ಪರದೆಯ ಮೇಲೆ ಮುದುಕಿಯೊಬ್ಬಳು ರೊಟ್ಟಿ ಬಡಿಯುತ್ತ ಮೊಮ್ಮಗಳನ್ನು ಬೈಯುತ್ತಿದ್ದಳು.

ಸಿನಿಮಾ ಮುಗಿದ ಮೇಲೆ ನನ್ನ ಬಳಿ ಬಂದರು. "ಆ ಮುದುಕಿ ಬೈಯೋದು ಇನ್ನೊಮ್ಮೆ ಹಾಕ್ತೀರೇನು? ನಮ್ಮವ್ವ ಹಿಂಗ ಬೈತಿದ್ಲು."

ಹಾಕಿದೆ. ಖಾಲಿ ಕುರ್ಚಿಗಳ ನಡುವೆ ನಿಂತೇ ಕೇಳಿಸಿಕೊಂಡರು.

"ಮಂದಿ ಎಲ್ಲಾ ಎದ್ದು ಹೋದ್ರಲ್ಲ, ಅಂಕಲ್?" ಎಂದೆ, ಕೆಣಕಲೆಂದೇ.

ಅವರು ಕನ್ನಡಕ ತೆಗೆದರು. ಒರೆಸುವುದನ್ನು ಮರೆತು ಹಾಗೇ ಕೈಯಲ್ಲಿ ಹಿಡಿದು ನಿಂತರು.

"ನಾನು ಮಂದಿ ಅಲ್ಲೇನು?" ಎಂದರು.