ವ್ರತ ಹಿಡಿದ ಗಿಡ

ಹೇಳಿದ ಸುಳ್ಳುಗಳನ್ನೆಲ್ಲ ನೆನಪಿಟ್ಟುಕೊಳ್ಳುವಷ್ಟು ಬುದ್ಧಿವಂತ ನಾನಲ್ಲ. ಒಂದು ಮಾತ್ರ ಮರೆತಿಲ್ಲ. ಹುಳ ತಿನ್ನುವ ಗಿಡವೊಂದು ವ್ರತ ಹಿಡಿದಿದೆ ಎಂದು ಬೆಟಗೇರಿಯ ನೇಕಾರರ ಮನೆಯಲ್ಲಿ ನಂಬಿಸಿದ್ದೆ.

ಎಪ್ಪತ್ತರ ದಶಕದ ಕೊನೆ. ಗದಗಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಕಳಸಾಪುರದ ನಮ್ಮ ಮನೆಗೆ ಅಕ್ಷರ ಬಂದದ್ದೇ ನನ್ನ ಪಾಟೀಚೀಲದಲ್ಲಿ, ಹಾಗಾಗಿ ಬಿ.ಎಸ್ಸಿ. ಎಂಬುದನ್ನು ಅಂಚೆ ಕಾರ್ಡಿನಲ್ಲೂ ಬಿಡದೆ ಬರೆಯುತ್ತಿದ್ದೆ. ಆದರೆ ಆ ಬಿ.ಎಸ್ಸಿ.ಗೆ ಒಂದು ಕಲೆ ಇತ್ತು. ನನ್ನ ಪ್ರಾಯೋಗಿಕ ಪರೀಕ್ಷೆಯಲ್ಲಿ ಗುರುತಿಸಲು ಡ್ರೊಸೆರಾ ಎಂಬ ಹುಳ ತಿನ್ನುವ ಗಿಡ ಇಟ್ಟಿದ್ದರು. ಪುಸ್ತಕದ ಚಿತ್ರದಲ್ಲಿ ಅಂಗೈಯಗಲ ಇದ್ದದ್ದು ಎದುರಿಗೆ ನಾಲ್ಕಾಣೆಯಷ್ಟಿತ್ತು. ‘ಪಾಚಿ’ ಎಂದು ಬರೆದು ಬಂದೆ.

ನನ್ನ ಹುಡುಗರಿಗೆ ಹಾಗಾಗಬಾರದೆಂದು ಮಳೆಗಾಲದಲ್ಲಿ ಮುಂಡರಗಿ ಕಡೆಯ ಗುಡ್ಡದ ಬುಡ ಅಲೆದು, ಜೌಗಿನಲ್ಲಿ ಮೊಣಕಾಲೂರಿ, ಒಂದೇ ಒಂದು ಗಿಡ ತಂದೆ. ಕೆಂಪು ಎಲೆ, ಎಲೆಯ ತುಂಬ ಅಂಟಿನ ಹನಿ; ಕೂತ ಹುಳ ಏಳುವುದಿಲ್ಲ. ದೀಪಾವಳಿ ರಜೆಗೆ ಕಾಲೇಜಿಗೆ ಬೀಗ ಬಿತ್ತು. ರಜೆ ಮುಗಿದೊಡನೆ ಪರೀಕ್ಷೆ. ಅಷ್ಟರಲ್ಲಿ ಗುಡ್ಡವೂ ಒಣಗಿತ್ತು, ಇದು ಹೋದರೆ ಇನ್ನೊಂದು ಸಿಗುವಂತಿರಲಿಲ್ಲ. ಕುಂಡವನ್ನು ನನ್ನ ಬಾಡಿಗೆ ಕೋಣೆಗೇ ಹೊತ್ತು ತಂದೆ.

ವಾರದೊಳಗೆ ಎಲೆಗಳು ಬಾಡಿದವು. ಮಣ್ಣಿನ ಮೇಲೆ ರವೆಯಷ್ಟು ಸಣ್ಣ ಬಿಳಿ ಹುಳಗಳು. ಬೆರಳು ಹತ್ತಿರ ತಂದರೆ ಚಿಟ್ಟನೆ ಹಾರುತ್ತಿದ್ದವು. ಹುಳ ತಿನ್ನುವ ಗಿಡಕ್ಕೇ ಹುಳದ ಕಾಟ! ಪದವೀಧರನಿಗೆ ತೋಚುವುದೇನು? ಡಿ.ಡಿ.ಟಿ. ಪುಡಿ ತಂದೆ.

ಮನೆಯ ಮಾಲೀಕ ಫಕೀರಪ್ಪ ಮಗ್ಗದಿಂದಲೇ ಕೂಗಿದರು. “ಮಾಸ್ತರ್ರ, ತಡೀರಿ. ಹುಳದ ಮಾರಿ ನೋಡಲಾರದ ಕೊಲ್ಲಾಕ ಹೊಂಟೀರಲ್ಲ!”

ಸೀರೆಯ ಎಳೆ ಎಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿ ತಂದು ಕುಂಡದ ಮೇಲೆ ಬಗ್ಗಿದರು.

“ರೆಕ್ಕಿ ಇಲ್ಲ. ಎಲಿ ಕಡದಿಲ್ಲ. ಮಣ್ಣಿನ ಮ್ಯಾಲಿನ ಬೂಸ್ಟು ಮೇಯಾಕತ್ತಾವ, ಅಷ್ಟ. ಈ ವಾಸನಿ ನನಗ ಗೊತ್ತೈತ್ರಿ. ಗಂಜಿ ಹಾಕಿದ ನೂಲು ಒಣಗಲಿಲ್ಲಂದ್ರ ಹಿಂಗ ನಾರತೈತಿ. ಇದಕ್ಯಾರು ಗಂಜಿ ಹಾಕಿದ್ರು?”

ಒಳಗಿನಿಂದ ಅವರ ಹೆಂಡತಿ ನೀಲವ್ವ ಬಂದರು. “ನಾನs ಹಾಕೇನಿ. ನೂಲಿಗೆ ಹಾಕಿ ಉಳದದ್ದು ದಿನಾ ಒಂದು ಬಟ್ಟಲ. ಮಾಸ್ತರು ಬರೇ ನೀರು ಕುಡಸ್ತಾರ. ಬರೇ ನೀರಿನ ಮ್ಯಾಲ ಯಾವ ಜೀವ ಬದುಕತೈತಿ?”

ಕನ್ನಡಿಯಲ್ಲಿ ನಾನೂ ನೋಡಿದೆ. ಹೊಟ್ಟೆಯಡಿ ಕವಲುಬಾಲ ಮಡಿಸಿಟ್ಟುಕೊಂಡು, ಬೇಕಾದಾಗ ಅದನ್ನು ನೆಲಕ್ಕೆ ಬಡಿದು ಹಾರುವ ಸ್ಪ್ರಿಂಗ್‌ಟೇಲ್. ಅದೂ ನನ್ನ ಪುಸ್ತಕದಲ್ಲೇ ಇದ್ದದ್ದು! ಕೊಳೆತದ್ದನ್ನು ತಿಂದು ಬದುಕುವ ನಿರುಪದ್ರವಿ. ಗಿಡವನ್ನು ಬಾಡಿಸಿದ್ದು ಹುಳವಲ್ಲ, ಗಂಜಿ. ಬಡ ಮಣ್ಣಿನಲ್ಲಿ ಹುಟ್ಟಿದ ಈ ಜಾತಿಗೆ ಬೇರಿನಿಂದ ಉಣಿಸಿದರೆ ಅದೇ ವಿಷ.

ಇದನ್ನು ನೀಲವ್ವನಿಗೆ ಹೇಗೆ ಹೇಳಲಿ? ನಾನು ಟ್ರಂಕು ಹಿಡಿದು ಆ ಮನೆಗೆ ಬಂದ ಮೊದಲ ದಿನ, ಊರು ಯಾವುದೆಂದು ಕೇಳುವ ಮೊದಲೇ ತಾಟಿನಲ್ಲಿ ಎರಡು ರೊಟ್ಟಿ ಹಾಕಿದವರು ಅವರು. ಅವರ ಕೈಯ ಅನ್ನ ಒಂದು ಜೀವಕ್ಕೆ ಒಗ್ಗಲಿಲ್ಲ ಎನ್ನಲು ನನ್ನ ನಾಲಿಗೆ ಏಳಲಿಲ್ಲ.

“ಅಕ್ಕಾರ, ಅದು ವ್ರತ ಹಿಡದೈತ್ರಿ,” ಎಂದೆ. “ಪರೀಕ್ಷೆ ಮುಗಿಯೂತನಕ ಬರೇ ಮಳಿನೀರು.”

ಫಕೀರಪ್ಪ ಕೆಮ್ಮಿದಂತೆ ಮಾಡಿ ಮಗ್ಗಕ್ಕೆ ಹೋದರು. ನೀಲವ್ವ ಕುಂಡಕ್ಕೆ ಕೈ ಮುಗಿದರು.

ಆ ಮನೆಯ ಬಾವಿಯ ನೀರು ಸವಳು, ಈ ಗಿಡಕ್ಕೆ ಆಗದು. ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರಿನ ಬಕೆಟ್ಟಿನಲ್ಲಿ ಕುಂಡವನ್ನು ಮಣ್ಣಿನ ಮಟ್ಟಕ್ಕೂ ತುಸು ಮೇಲೆ ಮುಳುಗಿಸಿದರೆ ಹುಳಗಳು ತೌಡಿನಂತೆ ತೇಲಿ ಬರುತ್ತಿದ್ದವು, ಬಾಗಿಸಿ ಚೆಲ್ಲುತ್ತಿದ್ದೆ. ಬೂಸ್ಟನ್ನು ಕಡ್ಡಿಯಿಂದ ಕೆರೆದೆ, ಹುಳಿ ಬಂದಿದ್ದ ಮೇಲ್ಮಣ್ಣು ತೆಗೆದೆ. ಮೂರನೆಯ ದಿನ ಫಕೀರಪ್ಪ ತಡೆದರು. “ಅಷ್ಟೂ ತಗೀಬ್ಯಾಡ್ರಿ. ಕಸಾ ಬಳ್ಯಾಕ ನಾಕು ಇರ್ಲಿ.” ಬಿಟ್ಟೆ. ಹತ್ತು ದಿನಕ್ಕೆ ನಡುವಿನಿಂದ ಒಂದು ಹೊಸ ಎಲೆ ಸುರುಳಿ ಬಿಚ್ಚಿತು, ತುದಿಗೆ ಹನಿ ಹೊತ್ತು. ಆ ದಿನ ನನಗೆ ಮತ್ತೊಮ್ಮೆ ಬಿ.ಎಸ್ಸಿ. ಆಯಿತು.

ರಜೆ ಮುಗಿದು ಹುಡುಗರು ಕುಂಡದ ಸುತ್ತ ಕುಕ್ಕುರುಗಾಲಿನಲ್ಲಿ ಕೂತು ನೋಡಿದರು. ಪರೀಕ್ಷೆಯಲ್ಲಿ ಅದೇ ಬಂತು. ಒಬ್ಬನೂ ‘ಪಾಚಿ’ ಬರೆಯಲಿಲ್ಲ.

ಅಂದು ಕುಂಡ ಹಿಡಿದು ಮನೆಗೆ ಬಂದರೆ ನೀಲವ್ವ ಹೋಳಿಗೆ ಮಾಡಿಕೊಂಡು ಬಾಗಿಲಲ್ಲೇ ನಿಂತಿದ್ದರು. “ವ್ರತ ಮುಗೀತಲ್ರಿ, ಮಾಸ್ತರ?” ನನ್ನ ಸುಳ್ಳು ನನ್ನನ್ನೇ ಕಟ್ಟಿಹಾಕಿತ್ತು. ಮಣ್ಣಿಗೆ ಮಾತ್ರ ಬೇಡವೆಂದು ಬೇಡಿಕೊಂಡೆ. ಕುಂಡದ ಅಂಚಿನ ಮೇಲೆ ಒಂದು ಚೂರು ಇಟ್ಟರು. ಬೆಲ್ಲದ ವಾಸನೆಗೆ ನೊಣವೊಂದು ಬಂತು, ಅಂಚಿನಿಂದ ಎಲೆಗೆ ಹಾರಿತು, ಅಲ್ಲೇ ಅಂಟಿತು.

“ನೋಡ್ರಿ, ಉಣ್ಣಾಕತ್ತೈತಿ! ನಾ ಹೇಳಿದ್ದಿಲ್ಲೇನು, ಹಸದಿತ್ತದು!”

ಅವರನ್ನು ತಿದ್ದಲು ನನ್ನ ಪದವಿಯಲ್ಲಿ ಏನೂ ಉಳಿದಿರಲಿಲ್ಲ. ನನ್ನ ಪಾಲಿನ ಹೋಳಿಗೆ ಕೈಗಿಟ್ಟರು. ನಾನು ಯಾವ ವ್ರತವನ್ನೂ ಹಿಡಿದಿರಲಿಲ್ಲ. ಆ ಮನೆಯಲ್ಲಿ ಯಾರೂ ಅದನ್ನು ಕೇಳಿ ಉಣಿಸುತ್ತಲೂ ಇರಲಿಲ್ಲ.