ಕೊಲಂಬೋ ಎಣ್ಣೆ ಬಂದ ಮೇಲೆ

ನಾನು ಮದುವೆಯಾಗಿ ಚನ್ನರಾಯಪಟ್ಟಣದ ಗಾಣಿಗರ ಮನೆಗೆ ಬಂದಾಗ ಮಾವ ತೀರಿಕೊಂಡಿದ್ದರು. ಅತ್ತೆಯದೇ ಯಜಮಾನಿಕೆ. ನನ್ನ ಗಂಡ ಹಿತ್ತಿಲಲ್ಲಿ ಎತ್ತು ಕಟ್ಟಿ ಗಾಣ ಆಡಿಸುತ್ತಿದ್ದರು. ಅತ್ತೆ ಕೊಬ್ಬರಿ ಎಣ್ಣೆಯ ಗಡಿಗೆ ಹೊತ್ತು ಮನೆಮನೆಗೆ ಅಳೆದು ಕೊಟ್ಟು ಬರುತ್ತಿದ್ದರು. ಬಾಣಂತಿ ಇರುವ ಮನೆಗೆ ಮೊದಲು ಹೋಗಬೇಕು ಅನ್ನುವುದು ಅವರ ಕಟ್ಟಳೆ. ಕೂಸಿನ ನೆತ್ತಿಗೆ ತಾವೇ ಎಣ್ಣೆ ಒತ್ತಿ, ಹರಸಿ, ಆಮೇಲೆ ವ್ಯಾಪಾರ.

ಆಗ ಸಿಂಹಳದಿಂದ ಹಡಗಿನಲ್ಲಿ ಬಂದ ಎಣ್ಣೆ ಡಬ್ಬಗಳು ನಮ್ಮೂರ ಅಂಗಡಿಗಳಲ್ಲೂ ಇಳಿಯತೊಡಗಿದವು. ಎಲ್ಲರೂ ಅದನ್ನು ಕೊಲಂಬೋ ಎಣ್ಣೆ ಅನ್ನುತ್ತಿದ್ದರು. ನೀರಿನ ಹಾಗೆ ತಿಳಿ; ನಮ್ಮದಕ್ಕಿಂತ ಬಹಳ ಅಗ್ಗ.

ಒಂದು ದಿನ ಅತ್ತೆ ತುಂಬಿದ ಗಡಿಗೆಯನ್ನೇ ವಾಪಸು ತಂದರು.

"ಕೂಸು ಉಟ್ಟಿದ ಮನೇಲೂ ಬ್ಯಾಡ ಅಂದ್ಬುಟ್ರು ಕಣವ್ವ," ಅಂದರು. "ಒಳಿಕ್ಕೂ ಕರೀಲಿಲ್ಲ."

ಗಾಣಕ್ಕೆ ಕೆಲಸ ಕಡಿಮೆಯಾಯಿತು. ಗಂಡ ಕೂಲಿ ಹುಡುಕಿಕೊಂಡು ಹಾಸನಕ್ಕೆ ಹೋದರು. ಎಂಥ ಕೂಲಿಯೆಂದು ನಮಗೆ ಹೇಳಿರಲಿಲ್ಲ. ಕೊನೆಗೆ ಅತ್ತೆ, ಹಾಸನದ ಮಂಡಿ ಸಾಹುಕಾರರಾದರೂ ನಮ್ಮ ಎಣ್ಣೆ ಕೊಂಡಾರು ಎಂದು ಗಡಿಗೆ ಹೊತ್ತು ಹೊರಟರು. ನಾನೂ ಜೊತೆಗೆ ಹೋದೆ.

ಮಂಡಿಯ ಬಾಗಿಲಲ್ಲಿ ಗಾಡಿಯಿಂದ ಡಬ್ಬ ಇಳಿಸುತ್ತಿದ್ದರು. ಹೆಗಲ ಮೇಲೆ ಡಬ್ಬ ಹೊತ್ತು ಎದುರಿಗೆ ಬಂದವರು ನನ್ನ ಗಂಡ. ಕೊಲಂಬೋ ಎಣ್ಣೆ ಸೋರಿ ಕುತ್ತಿಗೆಯೆಲ್ಲ ಹೊಳೆಯುತ್ತಿತ್ತು.

"ನೀ ಯಾಕವ್ವ ಬಂದೆ?" ಅಂದರು.

ಅತ್ತೆ ಬೈಯಲಿಲ್ಲ. "ಇಳ್ಸ್ಲಾ ಮಗ. ಎಗ್ಲು ನೋಯ್ತೈತೆ," ಅಂದರು. ಮಗ ಡಬ್ಬ ಇಳಿಸಿದ ಮೇಲೆ ಸೆರಗಿನಿಂದ ಅವರ ಕತ್ತು ಒರೆಸಿದರು. ಸಾಹುಕಾರರನ್ನು ಏನೂ ಕೇಳದೆ ತಿರುಗಿ ನಡೆದರು. ಆಮೇಲೆ ಅವರು ಗಡಿಗೆ ಮುಟ್ಟಲಿಲ್ಲ, ಎತ್ತು ಮಾರಿದೆವು. ಮರುವರ್ಷವೇ ಅತ್ತೆ ತೀರಿಹೋದರು.

ಯುದ್ಧ ಬಂದು ಹಡಗುಗಳು ನಿಂತವು; ಡಬ್ಬಗಳು ಬರುವುದೂ ನಿಂತಿತು. ಮಂಡಿಯಲ್ಲಿ ಕೆಲಸವಿಲ್ಲದೆ ಗಂಡ ಮನೆಗೆ ಬಂದರು. ಮತ್ತೆ ಗಾಣ ಆಡಿಸೋಣವೆಂದು ನೆರೆಯವರ ಎತ್ತು ತಂದು ಹೂಡಿದರು. ಗೆದ್ದಲು ತಿಂದಿದ್ದ ಗಾಣದ ಮರ ಮೊದಲ ಸುತ್ತಿಗೇ ಸೀಳಿಹೋಯಿತು. ಹೊಸದು ಮಾಡಿಸೋಣವೆಂದರೆ, ಗಾಣ ಕಡೆಯಬಲ್ಲ ಬಡಗಿ ಎಂದೋ ಕಾಫಿ ತೋಟದ ಕೂಲಿಗೆ ಹೋಗಿಬಿಟ್ಟಿದ್ದ.

ಅದೇ ವಾರ ಒಬ್ಬ ಹೆಂಗಸು ಕಂಕುಳಲ್ಲಿ ಎಳೆಗೂಸು, ಕೈಯಲ್ಲಿ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು.

"ಅಕ್ಕಾ, ಒಸಿ ಎಣ್ಣೆ ಐತಾ? ಊರಲ್ಲೆಲ್ಲೂ ಸಿಗ್ತಿಲ್ಲ."

"ಇಲ್ಲ ಅನ್ನು," ಅಂದರು ಗಂಡ, ಒಳಗಿನಿಂದಲೇ.

ನಾನು ಕೂಸಿನ ನೆತ್ತಿಗೆ ಬರಿಗೈ ಒತ್ತಿ ಹರಸಿದೆ. ಆಕೆ ಖಾಲಿ ಬಟ್ಟಲು ಹಿಡಿದು ಹೊರಟುಹೋದಳು.