ಸಲೋಮಿ ಆಂಟಿಯ ಕುಂಬಳಕಾಯಿ

ಶಿವಾಜಿನಗರದ ಮಾರುಕಟ್ಟೆಯಲ್ಲಿ ಬೆಲೆ ಇಳಿಸಲು ಜಗಳವಾಡುವವರನ್ನು ದಿನವೂ ನೋಡಬಹುದು. ಏರಿಸಲು ಜಗಳವಾಡಿದವರು ನಮ್ಮ ಸಲೋಮಿ ಆಂಟಿ ಒಬ್ಬರೇ. ಸೊಪ್ಪಿನ ಕಟ್ಟನ್ನು ತೀರಾ ಅಗ್ಗಕ್ಕೆ ಕೊಡಹೋದ ಮುದುಕಿಯ ಮೇಲೆ ರೇಗುತ್ತಿದ್ದರು: "ಈ ರೇಟಿಗೆ ಕೊಟ್ಟು ಮನೇಲಿ ಏನ್ ಬೇಯಿಸ್ತೀಯಾ, ಕಲ್ಲಾ? ಸರಿಯಾಗಿ ಹೇಳು!" ಮುದುಕಿ ತಮಿಳಿನಲ್ಲಿ ಬೈಯುತ್ತಿದ್ದಳು, ಆಂಟಿ ಕನ್ನಡದಲ್ಲಿ. ಚೀಲ ಹಿಡಿದು ನಿಂತ ನನಗೆ ನಗು.

ಹಲಸೂರಿನ ನಮ್ಮ ಚರ್ಚಿನಲ್ಲಿ ಅವರೇ ಸಂಡೇಸ್ಕೂಲ್ ಟೀಚರ್. ಅವರಿಗೆ ಪ್ರಾಣವಾಗಿದ್ದ ಕಥೆ, ಯೇಸುವನ್ನು ನೋಡಲು ಮರ ಹತ್ತಿದ ಕುಳ್ಳ ಸುಂಕದವನದು. ಬೇರೆ ಟೀಚರುಗಳು ಮರದ ಚಿತ್ರಕ್ಕೆ ಬಣ್ಣ ಹಾಕಿಸುತ್ತಿದ್ದರು. ಆಂಟಿ ಮೇಜು ಕುಟ್ಟುತ್ತಿದ್ದರು: "ಹತ್ತಿದ್ದು, ಇಳಿದಿದ್ದು ಬಿಡ್ರೋ, ಅದನ್ನ ಕೋತೀನೂ ಮಾಡುತ್ತೆ. ಮೋಸದಿಂದ ತಗೊಂಡಿದ್ದನ್ನ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದನಲ್ಲ, ಕಥೆ ಇರೋದು ಅಲ್ಲಿ!" ನನ್ನ ಬೆಂಚಿನಲ್ಲೇ ಕೂತು ಇದನ್ನು ಕೇಳಿದವನು ಪ್ರಕಾಶ.

ಪ್ರಕಾಶ ದೊಡ್ಡವನಾಗಿ ಬಿಲ್ಡರ್ ಆದ. ಚರ್ಚಿನ ಫ್ಯಾನುಗಳ ರೆಕ್ಕೆರೆಕ್ಕೆಯ ಮೇಲೂ ‘ಕೊಡುಗೆ: ಪ್ರಕಾಶ್’ ಎಂದು ಬರೆಸಿದ. ಅದೇ ಚರ್ಚಿನ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ವಿಧವೆ ಎಸ್ತೇರಮ್ಮ, ಕ್ವಾಯರಿನಲ್ಲಿ ಹಾಡುವ ಹುಡುಗನಲ್ಲವೇ ಎಂಬ ನಂಬಿಕೆಯಿಂದ, ಅವನು ತೋರಿಸಿದ ಕಡೆಯೆಲ್ಲ ರುಜು ಹಾಕಿದರು. ಮನೆ ರಿಪೇರಿಗೆ ಲೋನ್ ಎಂದಿದ್ದ. ಮನೆಯೇ ಅವನ ಹೆಸರಿಗೆ ಹೋಯಿತು. ಆಕೆ ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆ ಸೇರಿದರು. ಆ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿಗೆ ಅವನಿಟ್ಟ ಹೆಸರು ‘ದೇವಕೃಪೆ’. ಸಭೆಗೆಲ್ಲ, ಅಂದರೆ ಚರ್ಚಿಗೆ ಬರುವವರಿಗೆಲ್ಲ, ಗೊತ್ತಿತ್ತು. ಆದರೆ ಫ್ಯಾನು ತಿರುಗುತ್ತಿತ್ತು, ಎಲ್ಲರಿಗೂ ತಂಪಾಗಿತ್ತು.

ಆ ವರ್ಷದ ಸುಗ್ಗಿ ಹಬ್ಬ ಬಂತು. ಸಭೆಯವರು ತಂದ ಕಾಯಿಪಲ್ಲೆ, ಕೇಕು, ಕೋಳಿಗಳನ್ನು ಆರಾಧನೆ ಮುಗಿದ ಮೇಲೆ ಹರಾಜು ಹಾಕುವುದು ನಮ್ಮ ಪದ್ಧತಿ. ಕೂಗಿ ಗೆದ್ದವರು ಮನೆಗೊಯ್ಯದೆ ಮತ್ತೆ ಚರ್ಚಿಗೇ ಕೊಟ್ಟರೆ ಚಪ್ಪಾಳೆ. ಅದು ಮತ್ತೆ ಹರಾಜಿಗೆ. ಆಂಟಿಯ ಹಿತ್ತಲಿನ ಕುಂಬಳಕಾಯಿಯನ್ನು ಪ್ರಕಾಶ ಯಾರೂ ಮುಟ್ಟಲಾಗದ ಬೆಲೆಗೆ ಕೂಗಿದ. ತಲೆಯ ಮೇಲೆತ್ತಿ, ಫೋಟೊಗೆ ನಿಂತು, "ವಾಪಸ್ ಕೊಡ್ತಿದೀನಿ, ಕರ್ತನ ಮಹಿಮೆಗೆ!" ಎಂದ.

ಆಂಟಿ ಎದ್ದರು. "ವಾಪಸ್ ಕೊಡೋದು ಬರುತ್ತಾ ನಿಂಗೆ? ಹಾಗಾದ್ರೆ ಎಸ್ತೇರಮ್ಮನ ಮನೆ ಕೊಡಪ್ಪ!"

ಚಪ್ಪಾಳೆ ನಿಂತಿತು.

"ಆಂಟಿ, ಅವರೇ ರುಜು ಹಾಕಿದಾರೆ. ಅದು ಬಿಸಿನೆಸ್ಸು," ಎಂದ ಪ್ರಕಾಶ.

"ಕಳ್ಳತನಕ್ಕೆ ಇಂಗ್ಲಿಷಲ್ಲಿ ಹಾಗಂತಾರಾ? ನಾನು ಕಲಿಸಿಲ್ಲ ಕಣೋ ನಿಂಗೆ."

ಅಯ್ಯನವರು, ಅಂದರೆ ನಮ್ಮ ಪಾದ್ರಿ, ಮೈಕಿನಲ್ಲೇ ಸಮಾಧಾನಕ್ಕೆ ಬಂದರು: "ಸಿಸ್ಟರ್, ದೇವರಿಗೆ ಕೊಟ್ಟಿದ್ದಲ್ವಾ..."

"ದೇವ್ರಿಗೆ ಕೊಟ್ಟಿದ್ದೆ ಅಯ್ಯನವ್ರೇ, ಇವನ ಫೋಟೊಗಲ್ಲ!"

ಕುಂಬಳಕಾಯಿಯನ್ನು ಅವನ ಕೈಯಿಂದ ಕಿತ್ತು, ಮಗುವಿನಂತೆ ಸೊಂಟಕ್ಕೆ ಹಾಕಿಕೊಂಡು ನಡೆದೇಬಿಟ್ಟರು. ಆಟೊ ಹಿಡಿದು ಎಸ್ತೇರಮ್ಮನ ಕೋಣೆಗೆ ಹೋಗಿ, ಅದನ್ನು ಹೆಚ್ಚಿ ಪಲ್ಯ ಮಾಡಿ, ಇಬ್ಬರೂ ಉಂಡರಂತೆ. "ಆ ಮನೆ ವಾಪಸ್ ಬರೋವರೆಗೆ ನಾನು ಆ ಫ್ಯಾನಿನ ಕೆಳಗೆ ಕೂರಲ್ಲ," ಎಂದರು, ಕೊನೆಯವರೆಗೂ ಕೂರಲಿಲ್ಲ. ಮುಂದಿನ ಭಾನುವಾರವೇ ಸಂಡೇಸ್ಕೂಲಿಗೆ ಬೇರೆ ಟೀಚರ್ ಬಂದರು. ಮಕ್ಕಳು ಮರಕ್ಕೆ ಬಣ್ಣ ಹಾಕತೊಡಗಿದರು.

ಹೋದ ವರ್ಷ ಆಂಟಿ ತೀರಿಕೊಂಡರು. ಮಣ್ಣಿನ ದಿನ ಪ್ರಕಾಶ ಎಲ್ಲರಿಗಿಂತ ಜೋರಾಗಿ ಅತ್ತ. ಆಮೇಲೆ ಯಾರನ್ನೂ ಕೇಳದೆ ಸಮಾಧಿಗೆ ಬಿಳಿ ಅಮೃತಶಿಲೆ ಹಾಕಿಸಿದ. ಆಂಟಿಯ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ‘ಕೊಡುಗೆ: ಪ್ರಕಾಶ್’. ಮನೆ ಬರಲಿಲ್ಲ, ಕಲ್ಲು ಬಂತು.

ಮೊನ್ನೆ ಎಸ್ತೇರಮ್ಮನನ್ನು ಸಮಾಧಿಗೆ ನಾನೇ ಕರೆದೊಯ್ದಿದ್ದೆ. ತಂದ ಹೂವನ್ನು ಆಕೆ ಕಲ್ಲಿನ ಮೇಲಿಡಲಿಲ್ಲ. ಪಕ್ಕದ ಬರಿ ಮಣ್ಣಿನ ಮೇಲಿಟ್ಟರು. ನಾನು ಮುಖ ನೋಡಿದೆ.

"ಅದರ ಕೆಳಗೆ ಎಲ್ಲಿ ಮಲಗ್ತಾರೆ ಆಯಮ್ಮ," ಎಂದರು. "ಎದ್ದು ಈ ಕಡೆ ಬಂದಿರ್ತಾರೆ."